ತಿರುಳ್ಗನ್ನಡದ ಗ್ಯಾರೇಜು

ವಿಚಾರಸಂಕಿರಣವೊಂದರಲ್ಲಿ ಹಿರಿಯರೊಬ್ಬರು, ಕನ್ನಡದಲ್ಲಿ ಕಾವ್ಯ ಬರೆಯಬಹುದು, ವಿಮಾನದ ಎಂಜಿನ್ ರಿಪೇರಿ ಬರೆಯಲಾಗದು ಎಂದರು. ಸಭೆ ನಕ್ಕಿತು. ನಾನೂ ನಕ್ಕೆ. ಈ ಬರಹ ಆ ನಗೆಗೆ ನಾನು ಕಟ್ಟುತ್ತಿರುವ ತಪ್ಪುಕಾಣಿಕೆ.

ಅದೇ ದಿನ ಊಟದ ಸಾಲಿನಲ್ಲಿ ಇನ್ನೊಂದು ವಾದ ಕೇಳಿದೆ: ಕಾರ್ಬುರೇಟರಿಗೆ, ಪ್ಲಗ್ಗಿಗೆ ಸಮಿತಿ ಕೂತು ಪದ ಟಂಕಿಸುವವರೆಗೆ ತಂತ್ರಜ್ಞಾನ ಕನ್ನಡಕ್ಕೆ ಬಾರದು. ಒಬ್ಬರು ಭಾಷೆಗೆ ಶಕ್ತಿಯಿಲ್ಲ ಅಂದರು, ಇನ್ನೊಬ್ಬರು ಪದವಿಲ್ಲ ಅಂದರು. ಇಬ್ಬರೂ ಗ್ಯಾರೇಜಿನಲ್ಲಿ ಅರ್ಧ ತಾಸು ಕೂತವರಲ್ಲ.

ನನ್ನೂರು ಲಕ್ಷ್ಮೇಶ್ವರ. ಅಪ್ಪನ ಹಳೆಯ ಬೈಕು ರಸ್ತೆಯಲ್ಲಿ ಚೆನ್ನಾಗಿ ಓಡುತ್ತಿತ್ತು, ನಿಂತರೆ ಮಾತ್ರ ಗಡಗಡ ನಡುಗಿ ಬಂದ್ ಬೀಳುತ್ತಿತ್ತು. ಗದಗದ ದೊಡ್ಡ ವರ್ಕ್‌ಶಾಪೊಂದರಲ್ಲಿ ಪ್ಲಗ್ ಬದಲಿಸಿದರು. ಆಮೇಲೆ ಕಾರ್ಬುರೇಟರ್ ತೊಳೆದರು. ಕೊನೆಗೆ ಅದನ್ನೇ ಬದಲಿಸಿದರು. ಬಿಲ್ ಬೆಳೆಯಿತು, ನಡುಕ ಹೋಗಲಿಲ್ಲ. ಒಂದು ದಿನ ಶಿರಹಟ್ಟಿ ರಸ್ತೆಯ ಬದಿಯ ತಗಡಿನ ಶೆಡ್ಡಿನಲ್ಲಿ ಗಾಡಿ ನಿಲ್ಲಿಸಿದೆ.

"ಕಾಕಾ, ಸ್ಲೋದಾಗ ನಿಂದ್ರವಲ್ದರಿ."

"ರೇಸ್ ಕೊಟ್ರ ಹೆಂಗ ಓಡತೈತಿ?"

"ಚೊಲೊ ಓಡತೈತ್ರಿ."

"ಥಂಡಿ ಇದ್ದಾಗ ಹೆಚ್ಚೋ, ಬಿಸಿ ಆದಮ್ಯಾಲ ಹೆಚ್ಚೋ?"

"ಎರಡೂ ಹೊತ್ತು ಅಷ್ಟರಿ."

ಕಾಕಾ ಪಾನಾ ಮುಟ್ಟಲಿಲ್ಲ. ಎಂಜಿನ್ ಸ್ಲೋದಲ್ಲಿಟ್ಟು ಕಿವಿಗೊಟ್ಟರು. ಕಾರ್ಬುರೇಟರಿಗೂ ಎಂಜಿನ್ನಿಗೂ ನಡುವಿನ ರಬ್ಬರಿನ ಮೇಲೆ ಸೋಪಿನ ನೀರು ಚಿಮುಕಿಸಿದರು. ಸದ್ದು ಬದಲಾಯಿತು.

"ಕೇಳಿಸ್ತಿಲ್ಲೋ ತಮ್ಮಾ? ಗಾಳಿ ಕಳವಿಲೆ ಒಳಗ ಹೊಂಟೈತಿ."

ರಬ್ಬರ್ ಬದಲಿಸಿದರು. ಗಾಡಿ ನಿಂತಲ್ಲೇ ನಿಶ್ಚಿಂತೆಯಾಗಿ ಉಸಿರಾಡಿತು.

ಇದರಲ್ಲಿ ಪವಾಡವಿಲ್ಲ, ತರ್ಕವಿದೆ. ರೇಸ್ ಕೊಟ್ಟಾಗ ಓಡುತ್ತದೆಂದರೆ ಪೆಟ್ರೋಲ್ ಬರುತ್ತಿದೆ, ಕರೆಂಟೂ ಇದೆ. ಥಂಡಿ, ಬಿಸಿ ಎರಡರಲ್ಲೂ ಒಂದೇ ಎಂದರೆ ಚೋಕಿನ ಮೇಲಿನ ಅನುಮಾನ ಕಡಿಮೆ. ಸ್ಲೋದಲ್ಲಿ ಎಂಜಿನ್ನಿನ ಬಾಯಿ ಬಹುತೇಕ ಮುಚ್ಚಿರುತ್ತದೆ, ಒಳಗಿನ ಎಳೆತ ಬಲು ಜೋರು. ಸಣ್ಣ ಬಿರುಕಿದ್ದರೂ ಲೆಕ್ಕಕ್ಕಿಲ್ಲದ ಗಾಳಿ ನುಗ್ಗಿ ಪೆಟ್ರೋಲಿನ ಪ್ರಮಾಣ ಕೆಡಿಸುತ್ತದೆ. ಬಾಯಿ ಪೂರಾ ತೆರೆದಾಗ ಅದೇ ಕಳ್ಳಗಾಳಿ ಸಂತೆಯೊಳಗಿನ ಒಬ್ಬ ಕಳ್ಳನಷ್ಟೇ. ವರ್ಕ್‌ಶಾಪು ಭಾಗ ಬದಲಿಸಿತು, ಕಾಕಾ ಪ್ರಶ್ನೆ ಕೇಳಿದರು. ಸಂಶೋಧನಾ ವಿಧಾನದ ತರಗತಿಯಲ್ಲಿ ನಾವು ಕಲಿಯಬೇಕಾದದ್ದೂ ಇಷ್ಟೇ.

ಈಗ ಆ ಹಿರಿಯರ ವಿಮಾನಕ್ಕೆ ಬರೋಣ. ಬೆಂಗಳೂರಿನ ರಾಜ್ ಹಂಸ ಕಂಪನಿಯ ಎಕ್ಸ್-ಏರ್ ಎಂಬ ಹಗುರ ವಿಮಾನ ಕಿಟ್ ರೂಪದಲ್ಲಿ ಬ್ರಿಟನ್ನಿಗೂ ಹೋಯಿತು. ಅಲ್ಲಿನ ಹವ್ಯಾಸಿಗಳು ಅದನ್ನು ತಾವೇ ಜೋಡಿಸಿ ಹಾರಿಸಿದರು. ಮನೆಯಲ್ಲಿ ಕಟ್ಟುವ ಇಂಥ ಎಷ್ಟೋ ವಿಮಾನಗಳಲ್ಲಿರುವುದು ರೋಟಾಕ್ಸ್ 912 ಎಂಜಿನ್. ನಾಲ್ಕು ಸಿಲಿಂಡರ್, ಎಂಟು ಪ್ಲಗ್, ಎರಡು ಇಗ್ನಿಷನ್, ಎರಡು ಕಾರ್ಬುರೇಟರ್. ಅದು ಸ್ಲೋದಲ್ಲಿ ನಡುಗಿದರೆ?

ಮೊದಲು ತುಸು ರೇಸ್ ಕೊಟ್ಟು ಒಂದು ಇಗ್ನಿಷನ್ ಬಂದ್ ಮಾಡಿ ನೋಡಬೇಕು, ಆಮೇಲೆ ಇನ್ನೊಂದನ್ನು. ಒಂದರಲ್ಲಿ ಮಾತ್ರ ಮಿಸ್ ಹೊಡೆದರೆ ಕರೆಂಟಿನ ದಾರಿ ಹಿಡಿಯಬೇಕು. ಎರಡರಲ್ಲೂ ಸಮವಿದ್ದರೆ ಗಾಳಿ, ಪೆಟ್ರೋಲಿನ ದಾರಿ. ಒಂದೊಂದು ಕಾರ್ಬುರೇಟರ್ ಎರಡೆರಡು ಸಿಲಿಂಡರಿಗೆ ಉಣಿಸುತ್ತದೆ. ಕೇಬಲ್ಲುಗಳು ಸಮನಾಗಿ ಎಳೆಯದಿದ್ದರೆ ನೊಗದ ಒಂದು ಎತ್ತು ಮುಂದೆ, ಒಂದು ಹಿಂದೆ. ಎರಡೂ ಕಡೆ ಗೇಜ್ ಹಚ್ಚಿ ಎಳೆತ ಸರಿದೂಗಿಸಬೇಕು. ಕಾರ್ಬುರೇಟರ್ ಕೂರುವ ರಬ್ಬರ್ ಬಿರಿದಿದೆಯೇ ನೋಡಬೇಕು, ಇದು ಕಾಕಾನ ಪಾಠ. ಫ್ಲೋಟ್ ಪೆಟ್ರೋಲ್ ಹೀರಿ ಭಾರವಾಗಿದ್ದರೆ ಎಂಜಿನ್ 'ಓವರ್' ಆಗುತ್ತದೆ. ಸ್ಲೋ 1400 ಸುತ್ತಿಗಿಂತ ಕೆಳಗಿಳಿದರೆ ಗೇರ್‌ಬಾಕ್ಸ್ ಏಟು ತಿನ್ನುತ್ತದೆ.

ಬೈಕು ಬಂದ್ ಬಿದ್ದರೆ ತಳ್ಳಿಕೊಂಡು ಹೋಗಬಹುದು. ವಿಮಾನ ಇಳಿಯುವಾಗ ಎಂಜಿನ್ ಸ್ಲೋಗೆ ಬರುತ್ತದೆ. ಆಗ ಅದು ನಿಂತರೆ, ರನ್‌ವೇ ತಪ್ಪಿದವನಿಗೆ ಮತ್ತೆ ಮೇಲೇರುವ ದಾರಿಯಿಲ್ಲ. ಆದ್ದರಿಂದ ಅಲ್ಲಿ ಲೈಸೆನ್ಸ್ ಬೇಕು, ದಾಖಲೆ ಬೇಕು. ಕಾಕಾನಿಗೆ ವಿಮಾನ ಕೊಡಿ ಎಂದು ನಾನು ಹೇಳುತ್ತಿಲ್ಲ. ಅವರು ಯೋಚಿಸುವ ಕನ್ನಡ ವಿಮಾನಕ್ಕೂ ಸಾಕು ಎನ್ನುತ್ತಿದ್ದೇನೆ. ಸಾಕಾಗದು ಅನ್ನುವವರು ಮೇಲಿನ ಪ್ಯಾರಾದಲ್ಲಿ ಅರ್ಥವಾಗದ ವಾಕ್ಯ ತೋರಿಸಲಿ.

ಇವೆಲ್ಲ ಇಂಗ್ಲಿಷ್ ಪದಗಳಲ್ಲವೇ ಎಂದು ಕೇಳುತ್ತೀರಿ. ಹೌದು, ನಾಮಪದಗಳು ಬಂದದ್ದು ಯಂತ್ರದ ಜೊತೆಗೇ. ಕ್ರಿಯಾಪದಗಳು ನಮ್ಮವು: ನಿಂದ್ರವಲ್ದು, ಗಾಳಿ ಎಳೀತೈತಿ, ಉಸಿರು ಕಟ್ಟೈತಿ, ಬಂದ್ ಬೀಳತೈತಿ. ರೋಗಪತ್ತೆ ನಡೆಯುವುದು ಕ್ರಿಯಾಪದದಲ್ಲಿ. ಪದಕೋಶದ ಸಮಿತಿಗಳು ಮಾತ್ರ ಯಾರಿಗೂ ತೊಂದರೆ ಕೊಡದಿದ್ದ ನಾಮಪದಗಳ ಜೊತೆ ಗುದ್ದಾಡುತ್ತ ಕೂತಿವೆ.

ಒಂಬತ್ತನೆಯ ಶತಮಾನದ ಕವಿರಾಜಮಾರ್ಗ ಕನ್ನಡದ ತಿರುಳಿರುವ ಜಾಗಗಳನ್ನು ಹೆಸರಿಸುವಾಗ ಕಿಸುವೊಳಲು, ಕೊಪಣ, ಒಕ್ಕುಂದಗಳ ಜೊತೆ ಪುಲಿಗೆರೆಯನ್ನು ಎಣಿಸುತ್ತದೆ. ತನ್ನ ಕಾವ್ಯದ ಭಾಷೆ ಪುಲಿಗೆರೆಯ ತಿರುಳ್ಗನ್ನಡ ಎಂದು ಪಂಪ ಹೇಳಿಕೊಂಡ. ಆ ಪುಲಿಗೆರೆಯೇ ಇಂದಿನ ಲಕ್ಷ್ಮೇಶ್ವರ. ನಾವು ಅದನ್ನು ಪರೀಕ್ಷೆಯಲ್ಲಿ ಎರಡು ಅಂಕಕ್ಕೆ ಬರೆದು ಮರೆತೆವು. ತಿರುಳು ಶಾಸನಕಲ್ಲಿನಲ್ಲಿ ಉಳಿದಿದೆಯೆಂದು ಭಾವಿಸಿ, ಅದು ಗ್ರೀಸ್ ಮೆತ್ತಿದ ಕೈಯಲ್ಲಿ ಇನ್ನೂ ದುಡಿಯುತ್ತಿರುವುದನ್ನು ನೋಡದೆ ದಾಟಿದೆವು.

ಇದು ಅವಸರದ ಮಾತೂ ಹೌದು. 2020ರ ಏಪ್ರಿಲ್‌ನಲ್ಲಿ ಬಿಎಸ್-6 ನಿಯಮ ಬಂದ ಮೇಲೆ ಬಹುತೇಕ ಹೊಸ ಬೈಕುಗಳಿಗೆ ಫ್ಯುಯೆಲ್ ಇಂಜೆಕ್ಷನ್ ಬಂತು. ಬೆಂಗಳೂರಿನ ಎನ್‌ಎಎಲ್‌ನ ಹಂಸ-3 ವಿಮಾನದಲ್ಲಿ ಕಾರ್ಬುರೇಟರಿನ ರೋಟಾಕ್ಸ್ 914 ಇತ್ತು. 2021ರಲ್ಲಿ ಹಾರಿದ ಹಂಸ-ಎನ್‌ಜಿಯದು ಇಂಜೆಕ್ಷನ್ ಎಂಜಿನ್. ದೋಷವನ್ನು ಈಗ ಸ್ಕ್ಯಾನರ್ ಹೇಳುತ್ತದೆ, ಅದೂ ಇಂಗ್ಲಿಷಿನಲ್ಲಿ. ಕಿವಿಯ ಕನ್ನಡ ಒಂದು ತಲೆಮಾರಿನಲ್ಲಿ ಮುಗಿಯಬಹುದು.

ಹಾಗಾಗಿ ನನ್ನ ಜೊತೆಯ ಸಂಶೋಧಕರಿಗೆ ನೇರವಾಗಿ ಹೇಳುತ್ತೇನೆ. ಒಬ್ಬನೇ ಕವಿಯ ಮೇಲೆ ಮತ್ತೊಂದು ಪ್ರಬಂಧ ಕಾಯಬಹುದು. ಬೆಟಗೇರಿಯ ಬೈಕಿನ ಶೆಡ್ಡು, ಶಿರಹಟ್ಟಿಯ ಪಂಪ್‌ಸೆಟ್, ಮುಂಡರಗಿಯ ಟ್ರ್ಯಾಕ್ಟರ್ ಗ್ಯಾರೇಜು ಕಾಯುವುದಿಲ್ಲ. ಫೋನಿನ ರೆಕಾರ್ಡರ್ ಹಚ್ಚಿ ಕೂರಿ. ಮುದ್ರಣ ಕಾಶಿ ಎನಿಸಿಕೊಂಡ ಗದಗದಲ್ಲಿ ಅದನ್ನು ಅಚ್ಚುಹಾಕುವವರಿಗೆ ಬರವಿಲ್ಲ. ನಾನು ಶುರು ಮಾಡಿದ್ದೇನೆ. ಮೊದಲ ದಿನ ಕಾಕಾ ಕೇಳಿದರು: "ಇದನ್ನ ಬರಕೊಂಡು ಏನ್ ಮಾಡ್ತಿ ತಮ್ಮಾ, ಇದೂ ಓದೋದಾತೇನು?"

ಹೌದು ಕಾಕಾ, ಇದೇ ಓದು.