ಮನೆ-ಮಾತು: ಕೂಸಿನ ಮಂಚಕ್ಕೆ ಮುಚ್ಚಳ ಬೇಡ



ತೊಟ್ಟಿಲ ವಿಷಯದಲ್ಲಿ ನಮ್ಮ ಕಡೆಯವರಿಗೆ ಇರುವ ಸಂಭ್ರಮ ನಿಮಗೆಲ್ಲ ಗೊತ್ತೇ ಇದೆ. ಚೊಚ್ಚಲ ಬಾಣಂತನಕ್ಕೆ ಬಂದ ಮಗಳಿಗೆ ತವರಿನವರು ಕಲಘಟಗಿಯ ಬಣ್ಣದ ತೊಟ್ಟಿಲು ಕೊಡಬೇಕು ಅನ್ನೋದು ಧಾರವಾಡ, ಹಾವೇರಿ ಸೀಮೆಯ ಹಳೇ ಆಸೆ. ಸಾಗವಾನಿ ಕಟ್ಟಿಗೆ, ಅರಗಿನ ಬಣ್ಣ, ಮೇಲೆ ರಾಮಾಯಣದ ಚಿತ್ರ, ಕೃಷ್ಣನ ಬಾಲಲೀಲೆ. ನೋಡಲು ಎರಡು ಕಣ್ಣು ಸಾಲದು. ಆದರೆ ಕೂಸು ಎದ್ದು ಕೂಡಲು, ಹಿಡಿದು ನಿಲ್ಲಲು ಕಲಿಯಿತು ಅಂದ್ರೆ ತೊಟ್ಟಿಲ ಕೆಲಸ ಮುಗಿಯಿತು. ಆಮೇಲೆ ಅದು ಎಲ್ಲಿ ಮಲಗಬೇಕು ಅಂತ ವಿಚಾರ ಮಾಡುವವರು ಕಡಿಮೆ. ಅವ್ವನ ಮಗ್ಗುಲು, ಇಲ್ಲದಿದ್ದರೆ ಅಜ್ಜಿಯ ಕೌದಿ. ಮನೆಗೆ ಎರಡನೇ ಕೂಸು ಬಂದಾಗಲೇ ಪ್ರಶ್ನೆ ಏಳುವುದು.

ರಾಣೆಬೆನ್ನೂರಿನ ಒಬ್ಬ ಓದುಗ ಸಹೋದರಿ ಇದೇ ಪ್ರಶ್ನೆ ಕೇಳಿದ್ದಾರೆ. ಎರಡು ಕೋಣೆಯ ಮನೆ, ನಾಲ್ಕು ವರ್ಷದ ಮಗಳು, ತೊಟ್ಟಿಲಲ್ಲಿ ಇನ್ನೊಂದು ಕೂಸು. "ಮಗಳಿಗೆ ಒಂದು ಮಂಚ ಮಾಡಸಬೇಕು. ಮ್ಯಾಲ ಹಲಗೆ ಎತ್ತಿದ್ರ ಒಳಗ ಪೆಟ್ಟಿಗೆ ಇರಬೇಕು. ಕೌದಿ, ಹಬ್ಬದ ಪಾತ್ರೆ ಎಲ್ಲಾ ಅದರಾಗ ಇಡತೀನಿ. ಅಳತಿ ಹೇಳ್ರಿ" ಅಂತ ಬರೆದಿದ್ದಾರೆ. ಬ್ಯಾಡಗಿಯ ಇನ್ನೊಬ್ಬರದು ಹೆಚ್ಚು ಕಡಿಮೆ ಇದೇ ಕಾಗದ. ಅವರಿಗೆ ವರ್ಷದ ಮೆಣಸಿನಕಾಯಿಯನ್ನೂ ಅದರಲ್ಲೇ ತುಂಬುವ ವಿಚಾರ!

ಮಂಚ ಖಂಡಿತ ಮಾಡಿಸಿ. ಅಡಿಯಲ್ಲಿ ಸಾಮಾನಿಗೆ ಜಾಗವನ್ನೂ ಮಾಡಿಸಿ. ಆದರೆ ಮೇಲಿಂದ ಎತ್ತುವ ಮುಚ್ಚಳ ಮಾತ್ರ ಬೇಡ. ಪಕ್ಕದಿಂದ ಎಳೆಯುವ ಡ್ರಾಯರ್ ಇರಲಿ.

ಯಾಕೆ ಬೇಡ?

ಮಕ್ಕಳಿಗೆ ಪೆಟ್ಟಿಗೆ ಕಂಡರೆ ಒಳಗೆ ಇಳಿಯುವ ಆಸೆ. ಕಣ್ಣಾಮುಚ್ಚಾಲೆಗೆ ಅದಕ್ಕಿಂತ ಒಳ್ಳೇ ಜಾಗ ಯಾವುದು? 2021ರ ಮಾರ್ಚ್ ತಿಂಗಳಲ್ಲಿ ರಾಜಸ್ಥಾನದ ಬಿಕಾನೇರ್ ಜಿಲ್ಲೆಯ ಒಂದು ಹಳ್ಳಿಯಲ್ಲಿ ಐದು ಮಕ್ಕಳು ಆಡುತ್ತಾ ಆಡುತ್ತಾ ಕಾಳು ತುಂಬುವ ದೊಡ್ಡ ಪೆಟ್ಟಿಗೆಯೊಳಗೆ ಇಳಿದರು. ಮುಚ್ಚಳ ಬಿತ್ತು, ತೆಗೆಯಲು ಬರಲಿಲ್ಲ. ಐವರೂ ಉಸಿರುಕಟ್ಟಿ ಹೋದರು. ಅಮೆರಿಕದಲ್ಲಿ ಲೇನ್ ಎಂಬ ಕಂಪನಿಯ ಕಟ್ಟಿಗೆ ಪೆಟ್ಟಿಗೆಗಳಿಗೆ, ಮುಚ್ಚಿದ ಕೂಡಲೇ ತಾನಾಗಿ ಬೀಳುವ ಚಿಲಕವಿತ್ತು. ಹೊರಗಿಂದ ಮಾತ್ರ ತೆಗೆಯಲು ಬರುವಂಥದ್ದು. ಅವುಗಳಲ್ಲಿ ಸಿಕ್ಕು ಮಕ್ಕಳು ಸತ್ತ ಮೇಲೆ, 1996ರಲ್ಲಿ ಸುಮಾರು 1 ಕೋಟಿ 20 ಲಕ್ಷ ಪೆಟ್ಟಿಗೆಗಳ ಚಿಲಕ ಬದಲಾಯಿಸಿಕೊಡುತ್ತೇವೆಂದು ಸಾರಬೇಕಾಯಿತು.

ಇನ್ನೊಂದು ಮಾತು. ಎತ್ತುವ ಹಲಗೆ ಭಾರ. ಅದು ಜಾರಿ ಬಿದ್ದರೆ ಪುಟ್ಟ ಬೆರಳು, ಕತ್ತು ಯಾವುದೂ ಉಳಿಯದು. ದೊಡ್ಡವರ ಬಾಕ್ಸ್ ಮಂಚ ಈಗಾಗಲೇ ಮನೆಯಲ್ಲಿದ್ದರೆ ಅದಕ್ಕೆ ಹೊರಗಿಂದ ಬೀಗ ಹಾಕಿ, ಕೀಲಿಕೈ ಮೇಲೆ ಇಡಿ. ಬರೇ ಚಿಲಕ ಸಾಲದು. ಬೀಗ ಹಾಕುವ ಮೊದಲು ಒಳಗೆ ಒಮ್ಮೆ ನೋಡುವುದನ್ನು ಮರೆಯಬೇಡಿ.

ಅಳತೆ

"ಹಾಸಿಗೆ ಇದ್ದಷ್ಟು ಕಾಲು ಚಾಚು" ಅನ್ನೋ ಗಾದೆ ದೊಡ್ಡವರಿಗೆ ಸರಿ. ಬೆಳೆಯುವ ಕೂಸಿಗೆ ಕಾಲು ಬೆಳೆಯುವಷ್ಟು ಹಾಸಿಗೆ ಬೇಕು. 5½ ಅಡಿ ಉದ್ದ, 2½ ಅಡಿ ಅಗಲ ಮಾಡಿಸಿದರೆ ಮೂರು ವರ್ಷದಿಂದ ಹತ್ತು ವರ್ಷದವರೆಗೆ ನಿಶ್ಚಿಂತೆ.

ನಾಲ್ಕು ಕಾಲು: 3 ಇಂಚು ದಪ್ಪ, 3 ಇಂಚು ಅಗಲ, 22 ಇಂಚು ಎತ್ತರ. ತುದಿ ದುಂಡಗಿರಲಿ. ಚೂಪಾಗಿ ಮೇಲೆದ್ದರೆ ಅಂಗಿಯ ಕೊರಳು ಸಿಕ್ಕಿಕೊಳ್ಳುತ್ತದೆ.

ಸುತ್ತಿನ ಚೌಕಟ್ಟಿನ ಪಟ್ಟಿಗಳು: 6 ಇಂಚು ಅಗಲ, 1½ ಇಂಚು ದಪ್ಪ. ಇವುಗಳ ಕೆಳ ಅಂಚು ನೆಲದಿಂದ 8 ಇಂಚು ಮೇಲಿರಬೇಕು. ಆ 8 ಇಂಚೇ ಡ್ರಾಯರ್‌ನ ಜಾಗ.

ಗಾದಿಯಡಿಯ ಅಡ್ಡಪಟ್ಟಿಗಳು: 3 ಇಂಚು ಅಗಲ, ಮುಕ್ಕಾಲು ಇಂಚು ದಪ್ಪ, ಹದಿಮೂರು. ಚೌಕಟ್ಟಿನ ಮೇಲಂಚಿಗಿಂತ 2 ಇಂಚು ತಗ್ಗಿನಲ್ಲಿ ಕೂಡಿಸಲು ಹೇಳಿ. ಗಾದಿ ಜಾರುವುದಿಲ್ಲ. ಪಟ್ಟಿಗಳ ನಡುವೆ ಒಂದೂವರೆ ಇಂಚು ಬಿಟ್ಟರೆ ಗಾಳಿ ಆಡುತ್ತದೆ, ಮಳೆಗಾಲದಲ್ಲಿ ಗಾದಿ ಮುಗ್ಗುವುದಿಲ್ಲ. ಕೂಸು ಹಾಸಿಗೆ ಒದ್ದೆ ಮಾಡಿದರೂ ಬೇಗ ಒಣಗುತ್ತದೆ.

ಬೀಳದಂತೆ ತಡೆಪಟ್ಟಿ: ಗಾದಿಯ ಮೇಲ್ಮೈಯಿಂದ 5 ಇಂಚು ಎತ್ತರ ಇರಲಿ. ಗೋಡೆಯ ಕಡೆ ಪೂರ್ತಿ ಉದ್ದಕ್ಕೆ, ಇಳಿಯುವ ಕಡೆ ತಲೆಯಿಂದ ಅರ್ಧಕ್ಕೆ. ಗೋಡೆ ಇದೆಯಲ್ಲ, ಅಲ್ಲಿ ಯಾಕೆ ಅನ್ನಬೇಡಿ. ಮಂಚಕ್ಕೂ ಗೋಡೆಗೂ ನಡುವೆ ಕೂಸು ಜಾರಿ ಸಿಕ್ಕಿಕೊಳ್ಳುವುದು ನೆಲಕ್ಕೆ ಬೀಳುವುದಕ್ಕಿಂತ ಕೆಟ್ಟದ್ದು. ತಡೆಪಟ್ಟಿಯಲ್ಲಿ ಎಲ್ಲಿಯೂ 2 ಇಂಚಿಗಿಂತ ಹೆಚ್ಚು ಸಂದಿ ಬೇಡ. ಸಂದಿ ದೊಡ್ಡದಾದರೆ ಮೈ ತೂರುತ್ತದೆ, ತಲೆ ಸಿಕ್ಕಿಬೀಳುತ್ತದೆ.

ಮೂಲೆಗಳಿಗೆ ಬರೇ ಮೊಳೆ ಹೊಡೆಸಬೇಡಿ, ನಟ್ಟು-ಬೋಲ್ಟು ಹಾಕಿಸಿ. ಬಾಡಿಗೆ ಮನೆ ಬದಲಿಸುವಾಗ ಬಿಚ್ಚಿ ಒಯ್ಯಬಹುದು.

ಕಟ್ಟಿಗೆ ಮತ್ತು ಲೆಕ್ಕ

ಸಾಗವಾನಿ ಸಿಕ್ಕರೆ ಬಲು ಉತ್ತಮ, ಆದರೆ ದರ ಕೇಳಿದರೆ ಎದೆ ಝಲ್ಲೆನ್ನುತ್ತದೆ. ಹೊಲದ ಬದುವಿನ ಬೇವು ಕೊಯ್ಸಿದ್ದು ಇದ್ದರೆ ಅದೂ ಆದೀತು. ಕಹಿಯಾದ್ದರಿಂದ ಹುಳ ಹಿಡಿಯುವುದು ಕಡಿಮೆ. ಆದರೆ ಹಸಿ ಬೇವು ಸೊಟ್ಟಗಾಗುತ್ತದೆ. ಒಂದು ಇಂಚು ದಪ್ಪದ ಹಲಗೆಗೆ ಒಂದು ವರ್ಷ ನೆರಳಲ್ಲಿ ಒಣಗಬೇಕು ಅಂತ ಲೆಕ್ಕ ಇಟ್ಟುಕೊಳ್ಳಿ. ನೀಲಗಿರಿ ಅಗ್ಗ, ಆದರೆ ಒಣಗುತ್ತಾ ಸೀಳುತ್ತದೆ, ತಿರುಚುತ್ತದೆ. ಚೌಕಟ್ಟಿಗೆ ಬೇಡ.

ಎಲ್ಲಕ್ಕಿಂತ ಒಳ್ಳೇ ಉಪಾಯ ಹಳೇ ಕಟ್ಟಿಗೆ. ನಮ್ಮ ಊರುಗಳಲ್ಲಿ ಹಳೇ ಮಾಳಿಗೆ ಮನೆ ಕೆಡವಿದಾಗ ತೊಲೆ, ಜಂತಿ ಹೊರಬೀಳುತ್ತವೆ. ಎಷ್ಟೋ ವರ್ಷ ಒಣಗಿ ಗಟ್ಟಿಯಾದ ಕಟ್ಟಿಗೆ ಅದು, ಇನ್ನು ಸೊಟ್ಟಗಾಗುವ ಭಯವಿಲ್ಲ. ಗೆದ್ದಲು ತಿಂದ ಭಾಗ, ಒಳಗೆ ಮುರಿದುಳಿದ ಮೊಳೆ ನೋಡಿ ತೆಗೆದುಕೊಳ್ಳಿ. ಹಳೇ ಬಣ್ಣ ಇದ್ದರೆ ಅದನ್ನು ಮನೆಯೊಳಗೆ ತಿಕ್ಕಿಸಬೇಡಿ, ಆ ಪುಡಿಯಲ್ಲಿ ಸೀಸ ಇರಬಹುದು.

ಕಟ್ಟಿಗೆ ಅಡ್ಡೆಗೆ ಹೋಗುವ ಮೊದಲು ಲೆಕ್ಕ ನಿಮಗೂ ಗೊತ್ತಿರಲಿ. ದಪ್ಪ ಇಂಚಿನಲ್ಲಿ, ಅಗಲ ಇಂಚಿನಲ್ಲಿ, ಉದ್ದ ಅಡಿಯಲ್ಲಿ. ಮೂರನ್ನೂ ಗುಣಿಸಿ 144ರಿಂದ ಭಾಗಿಸಿದರೆ ಘನ ಅಡಿ. ಮೇಲಿನ ಅಳತೆಗೆ ಕಾಲು ಮತ್ತು ಚೌಕಟ್ಟು ಸೇರಿ ಸುಮಾರು ಒಂದೂವರೆ ಘನ ಅಡಿ, ಅಡ್ಡಪಟ್ಟಿಗೆ ಅರ್ಧ. ತಡೆಪಟ್ಟಿ, ಕೊಯ್ಯುವಾಗ ಹೋಗುವ ಚೂರು ಎಲ್ಲ ಹಿಡಿದು ಎರಡೂವರೆ ಘನ ಅಡಿ ಸಾಕು. ಯಾರಾದರೂ ನಾಲ್ಕು ಬೇಕು ಅಂದರೆ ಕಾಗದ, ಪೆನ್ಸಿಲ್ ಕೊಟ್ಟು ಲೆಕ್ಕ ತೋರಿಸಲು ಕೇಳಿ. ಕೇಳೋದರಲ್ಲಿ ನಾಚಿಕೆ ಏನೈತಿ?

ಡ್ರಾಯರ್

ಇಲ್ಲಿ ಬಡಿಗೇರರು ಒಂದು ಮಾತು ಅಂದೇ ಅಂತಾರೆ: "ಅಕ್ಕಾರ, ಮ್ಯಾಲ ಮುಚ್ಚಳ ಇಟ್ರ ಭಾಳ ಸಾಮಾನು ಹಿಡಸತೈತ್ರಿ." ನಿಜ, ಹಿಡಿಸುತ್ತದೆ. "ಹಿಡಸೋದು ಬ್ಯಾಡ್ರಿ ಬಡಿಗ್ಯಾರ, ಕೂಸು ತಾನ ಎಳಕೊಳ್ಳುವಂಗ ಇರಬೇಕ್ರಿ" ಅಂತ ಹೇಳಿ.

ಎರಡು ಡ್ರಾಯರ್ ಸಾಕು, ಚೌಕಟ್ಟಿಗೆ ಅಂಟದೆ ನೆಲದ ಮೇಲೆ ಉರುಳುವಂಥವು. ಒಂದೊಂದೂ 29 ಇಂಚು ಅಗಲ, 26 ಇಂಚು ಆಳ, 6 ಇಂಚು ಎತ್ತರ. ಕೆಳಗೆ ಒಂದೂವರೆ ಇಂಚಿನ ನಾಲ್ಕು ಗಾಲಿ. ಇನ್ನೂ ಸಣ್ಣ ಗಾಲಿ ಹಾಕಿದರೆ ಶಹಾಬಾದ್ ಕಲ್ಲಿನ ಸಂದಿಯಲ್ಲಿ ಸಿಕ್ಕಿಬೀಳುತ್ತದೆ. ಹಿಡಿಕೆ ಹೊರಗೆ ಚಾಚಿಕೊಂಡಿದ್ದರೆ ಕೂಸಿನ ಮೊಳಕಾಲಿಗೆ ಬಡಿಯುತ್ತದೆ. ಬದಲಿಗೆ ಮುಂದಿನ ಹಲಗೆಯಲ್ಲೇ ಕೈ ತೂರುವಷ್ಟು ಉದ್ದನೆಯ ತೂತು ಕೊರೆಸಿ. ಮುಚ್ಚಳ ಇಲ್ಲದ, ಬರೇ 6 ಇಂಚಿನ ಈ ಡಬ್ಬಿಯಲ್ಲಿ ಯಾವ ಕೂಸೂ ಅಡಗಿ ಕೂಡಲಾರದು. ನಮಗೆ ಬೇಕಾದ್ದೂ ಅದೇ.

ಡ್ರಾಯರ್‌ಗೆ ಪ್ಲೈವುಡ್ ಸಾಕು. ಐ.ಎಸ್. 303 ಅಂದರೆ ಸಾಮಾನ್ಯ ಬಳಕೆಯದು, ಐ.ಎಸ್. 710 ಅಂದರೆ ನೀರಿಗೆ ತಡೆಯುವಂಥದು. ಗೋಡೆಗೆ ತಂಪು ಹಿಡಿಯುವ ಮನೆಯಾದರೆ ಎರಡನೆಯದು ಮೇಲು. ಕೊಯ್ದ ಅಂಚುಗಳಿಗೆಲ್ಲ ಪಾಲಿಶ್ ಬಳಿಸಿ.

ಬಣ್ಣ, ಪಾಲಿಶ್

ಹಲ್ಲು ಬರುವ ಮಕ್ಕಳು ಮಂಚದ ಪಟ್ಟಿ ಕಚ್ಚುತ್ತವೆ. ಮನೆಗೆ ಬಳಿಯುವ ಬಣ್ಣಗಳಲ್ಲಿ ಸೀಸ 90 ಪಿ.ಪಿ.ಎಂ. ಮೀರಬಾರದು ಅಂತ ನಮ್ಮ ದೇಶದಲ್ಲಿ ನಿಯಮ ಬಂದದ್ದು 2016ರಲ್ಲಿ, ಜಾರಿಯಾದದ್ದು 2017ರ ನವೆಂಬರ್‌ನಲ್ಲಿ. ಅದಕ್ಕೂ ಹಿಂದಿನ ಅರೆಖಾಲಿ ಡಬ್ಬಿ ಅಟ್ಟದ ಮೇಲಿದ್ದರೆ ಕೂಸಿನ ಮಂಚಕ್ಕೆ ಸುತರಾಂ ಬೇಡ. ಅರಗು, ಸ್ಪಿರಿಟ್‌ನ ಹಳೇ ಪಾಲಿಶ್, ಇಲ್ಲವೇ ಕುದಿಸಿದ ಅಗಸೆ ಎಣ್ಣೆ ಸಾಕು. ಪಾಲಿಶ್ ಕಾಗದದಿಂದ ತಿಕ್ಕಿ ತೆಳ್ಳಗೆ ಮೂರು ಸಲ ಬಳಿಯಿರಿ. ಒಂದು ಎಚ್ಚರಿಕೆ: ಅಗಸೆ ಎಣ್ಣೆ ಒರೆಸಿದ ಅರಿವೆ ಮುದುಡಿ ಮೂಲೆಗೆ ಎಸೆದರೆ ತಾನಾಗಿ ಕಾದು ಬೆಂಕಿ ಹತ್ತೀತು. ನೀರಲ್ಲಿ ಅದ್ದಿ, ಹೊರಗೆ ಬಿಡಿಸಿ ಒಣಹಾಕಿ.

ಗಾದಿಯನ್ನು ಮೊದಲೇ ಹೊಲಿಸಬೇಡಿ. ಚೌಕಟ್ಟು ನಿಂತ ಮೇಲೆ ಒಳಗಿನ ಅಳತೆ ಹಿಡಿದು ಹೊಲಿಸಿ. ಗಾದಿಗೂ ಕಟ್ಟಿಗೆಗೂ ನಡುವೆ ಒಂದು ಬೆರಳಿಗಿಂತ ಹೆಚ್ಚು ಜಾಗ ಉಳಿಯಬಾರದು. ಹತ್ತಿ ಬೆಳೆಯುವ ಸೀಮೆ ನಮ್ಮದು. ಪಿಂಜಾರರ ಕೈಲಿ ಹಿಂಜಿಸಿದ ಹತ್ತಿಯ 4 ಇಂಚಿನ ಗಾದಿಗೆ ಸಮ ಯಾವುದೂ ಇಲ್ಲ. ತಿಂಗಳಿಗೆ ಎರಡು ಸಲ ಬಿಸಿಲಿಗೆ ಹಾಕಿ.

ಏನು ಇಡಬೇಕು, ಏನು ಬೇಡ

ಬ್ಯಾಡಗಿಯ ಸಹೋದರಿಗೆ ಈಗ ಉತ್ತರ. ನಿಮ್ಮೂರ ಮೆಣಸಿನಕಾಯಿ ಖಾರ ಕಡಿಮೆ, ಬಣ್ಣ ಹೆಚ್ಚು. 2011ರಲ್ಲಿ ಅದಕ್ಕೆ ಭೌಗೋಳಿಕ ಗುರುತೂ ಸಿಕ್ಕಿದೆ. ಎಲ್ಲಾ ಸರಿ, ಆದರೆ ಘಾಟು ಘಾಟೇ ಅಲ್ಲವೇ? ಅದರ ಮೇಲೆ ರಾತ್ರಿಯಿಡೀ ಕೂಸು ಮಲಗಿ ಉಸಿರಾಡುವುದು ಬೇಡ. ಮೆಣಸಿನಕಾಯಿ, ಕಾಳು, ಹೊಲದ ಔಷಧಿ ಯಾವುದೂ ಕೂಸಿನ ಮಂಚದಡಿ ಸೇರಬಾರದು.

ಬಟ್ಟೆಗೆ ನುಸಿಗುಳಿಗೆಯನ್ನೂ ಹಾಕಬೇಡಿ. ಬಿಳೀ ಪೆಪ್ಪರಮಿಂಟು ಅಂತ ಮಕ್ಕಳು ಬಾಯಿಗೆ ಹಾಕಿಕೊಳ್ಳುತ್ತವೆ. ಜಿ6ಪಿಡಿ ಎಂಬ ಅಂಶ ರಕ್ತದಲ್ಲಿ ಹುಟ್ಟಿನಿಂದಲೇ ಕಡಿಮೆ ಇರುವ ಮಕ್ಕಳಿಗೆ ಬರೇ ಅದರ ವಾಸನೆಯಿಂದಲೂ ರಕ್ತಕಣ ಒಡೆದು ಕಾಮಾಲೆ ಬರಬಹುದು. ನೆರಳಲ್ಲಿ ಒಣಗಿಸಿದ ಬೇವಿನ ಎಲೆಯನ್ನು ತೆಳು ಅರಿವೆಯಲ್ಲಿ ಗಂಟುಕಟ್ಟಿ ಇಡಿ. ಮೂರು ತಿಂಗಳಿಗೊಮ್ಮೆ ಬದಲಿಸಿ.

ಹಾಗಾದರೆ ಇಡೋದೇನು? ಒಂದು ಡ್ರಾಯರ್ ನಿಮಗೆ. ಕೂಸಿನ ಕೌದಿ, ಹೊದಿಕೆ, ಮಡಿಚಿದ ಅಂಗಿ. ಇನ್ನೊಂದು ಪೂರ್ತಿ ಕೂಸಿಗೆ. ಅದರಲ್ಲಿ ಗೊಂಬೆ, ಬಣ್ಣದ ಕಡ್ಡಿ, ಬಳೆಚೂರು, ಹುಣಸೆಬೀಜ, ಹರಿದ ಪಠ್ಯಪುಸ್ತಕದ ಚಿತ್ರ, ಏನೇ ಇರಲಿ, ಕೇಳದೆ ಎಸೆಯಬೇಡಿ. ಮನೆಗೆ ನೆಂಟರು ಬಂದರೆ ಅದರಲ್ಲಿ ನಿಮ್ಮ ಸಾಮಾನು ತುರುಕಬೇಡಿ.

ರಾಣೆಬೆನ್ನೂರಿನ ಸಹೋದರಿಗೆ ಇದನ್ನು ವಿಶೇಷವಾಗಿ ಹೇಳುತ್ತಿದ್ದೇನೆ. ತೊಟ್ಟಿಲಿಗೆ ಹೊಸ ಕೂಸು ಬಂತು, ಅವ್ವನ ಮಗ್ಗುಲು ಕೈತಪ್ಪಿತು. ನಾಲ್ಕು ವರ್ಷದ ಹುಡುಗಿಗೆ ಇದು ಸಣ್ಣ ನಷ್ಟವಲ್ಲ. ಅದರ ಮೇಲೆ ಅವಳ ಮಂಚವೂ ಹಬ್ಬದ ಪಾತ್ರೆಗೇ ಹೆಚ್ಚು ಬಳಕೆಯಾದರೆ, ಈ ಮನೆಯಲ್ಲಿ ತನ್ನ ಜಾಗ ಯಾವುದು ಅಂತ ಆ ಜೀವಕ್ಕೆ ಅನ್ನಿಸದೆ ಇರುತ್ತದೆಯೇ? ಬಡಿಗೇರರು ಬಂದ ದಿನ ಅವಳನ್ನೂ ಹತ್ತಿರ ನಿಲ್ಲಿಸಿಕೊಳ್ಳಿ. ತೂತು ಎಷ್ಟು ಎತ್ತರಕ್ಕೆ ಬೇಕು ಅಂತ ಅವಳ ಕೈ ಹಿಡಿದೇ ಗುರುತು ಹಾಕಿಸಿ. ಪಾತ್ರೆಗಳಿಗೆ ಅಟ್ಟ ಇದ್ದೇ ಇದೆ.

ಅಳತೆಯಲ್ಲಿ ಅನುಮಾನ ಇದ್ದರೆ ಕೋಣೆಯ ಉದ್ದಗಲ ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ಕೌದಿ ಬಣ್ಣ ಬಿಡದಂತೆ ಒಗೆಯುವ ಬಗೆ ನೋಡೋಣ.