ಮೈತ್ರಿಧರ್ಮವೂ ಉದ್ರಿ ಪುಸ್ತಕವೂ



ಕಳೆದ ವಾರ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ಈಗ ಬ್ಯಾಂಕಿನಲ್ಲಿ ಅಧಿಕಾರಿ. ಕಾಫಿ ಕುಡಿಯುತ್ತ, "ಮೇಷ್ಟ್ರೇ, ಸಮ್ಮಿಶ್ರ ಸರ್ಕಾರ ಇರೋವರೆಗೆ ಈ ದೇಶದ ಕೊರತೆ ತಗ್ಗೋದಿಲ್ಲ. ಮಿತ್ರಪಕ್ಷಗಳು ಬಿಡೋದೇ ಇಲ್ಲ" ಎಂದು ತೀರ್ಪು ಕೊಟ್ಟ. ಆಗ ನಕ್ಕು ಸುಮ್ಮನಾದೆ. ಆದರೆ 2024ರ ಚುನಾವಣೆಯಲ್ಲಿ ಯಾವ ಪಕ್ಷಕ್ಕೂ ಸ್ವಂತ ಬಹುಮತ ಬಾರದ ಮೇಲೆ ಓದಿದವರೆಲ್ಲರ ಬಾಯಲ್ಲೂ ಇದೇ ಮಾತು ಕೇಳಿಬರುತ್ತಿದೆ. ತಪ್ಪು ಉತ್ತರವನ್ನು ಕಂಡೂ ಕೆಂಪು ಗೆರೆ ಎಳೆಯದೆ ಬಿಡುವುದು ನನ್ನ ಅಭ್ಯಾಸವಲ್ಲ.

ಮೊದಲು ದಾಖಲೆಯನ್ನು ನೋಡೋಣ. ಸಾಲವನ್ನು ಬಿಟ್ಟು ಉಳಿದ ಆದಾಯಕ್ಕಿಂತ ಸರ್ಕಾರ ಎಷ್ಟು ಹೆಚ್ಚು ಖರ್ಚು ಮಾಡಿತೋ ಅದೇ ವಿತ್ತೀಯ ಕೊರತೆ. 1984ರಲ್ಲಿ ಲೋಕಸಭೆಯ 400ಕ್ಕೂ ಹೆಚ್ಚು ಸ್ಥಾನಗಳನ್ನು ಗೆದ್ದ ಸರ್ಕಾರಕ್ಕೆ ಯಾವ ಮಿತ್ರಪಕ್ಷದ ಹಂಗೂ ಇರಲಿಲ್ಲ. ಆದರೂ ಸಾಲ ಬೆಳೆದದ್ದು ಆ ವರ್ಷಗಳಲ್ಲಿಯೇ. 1991ರಲ್ಲಿ ದೇಶದ ಚಿನ್ನವನ್ನು ಅಡವಿಡಬೇಕಾಗಿ ಬಂದುದಕ್ಕೆ ಅದೂ ಒಂದು ಕಾರಣ. ಇತ್ತ, ಕೊರತೆಗೆ ಕಡಿವಾಣ ಹಾಕುವ ವಿತ್ತೀಯ ಹೊಣೆಗಾರಿಕೆ ಕಾಯ್ದೆಯನ್ನು 2003ರಲ್ಲಿ ತಂದದ್ದು ವಾಜಪೇಯಿಯವರ ಮೈತ್ರಿಕೂಟ. 2004ರ ಜುಲೈಯಲ್ಲಿ ಅದನ್ನು ಜಾರಿಗೆ ಕೊಟ್ಟದ್ದು ಮನಮೋಹನ ಸಿಂಗರ ಮೈತ್ರಿಕೂಟ. ನಮ್ಮ ಕರ್ನಾಟಕ ಇಂಥದೇ ಕಾಯ್ದೆಯನ್ನು 2002ರಲ್ಲಿಯೇ, ಎಲ್ಲ ರಾಜ್ಯಗಳಿಗಿಂತ ಮೊದಲು, ಮಾಡಿತ್ತು. 2004-05ರಲ್ಲಿ ರಾಜ್ಯದ ರಾಜಸ್ವ ಖಾತೆ ಕೊರತೆಯಿಂದ ಮಿಗತೆಗೆ ತಿರುಗಿದಾಗ ಇಲ್ಲಿ ಆಳುತ್ತಿದ್ದುದೂ ಸಮ್ಮಿಶ್ರ ಸರ್ಕಾರವೇ. ತೆರಿಗೆಯ ಆದಾಯ ಏರಿದ್ದು ನೆರವಾಯಿತು, ನಿಜ. ಆದರೆ ಮೈತ್ರಿ ಅದಕ್ಕೆ ಅಡ್ಡ ಬರಲಿಲ್ಲ.

ಹಾಗಾದರೆ ಮಿತ್ರಪಕ್ಷಗಳು ಕಾಟ ಕೊಡುವುದಿಲ್ಲವೇ? ಕೊಡುತ್ತವೆ. 2012ರ ಮಾರ್ಚಿಯಲ್ಲಿ ರೈಲ್ವೆ ಸಚಿವ ದಿನೇಶ್ ತ್ರಿವೇದಿಯವರು ಸಾಮಾನ್ಯ ಎರಡನೆಯ ದರ್ಜೆಯ ಪ್ರಯಾಣದರವನ್ನು ಕಿಲೋಮೀಟರಿಗೆ 2 ಪೈಸೆ ಏರಿಸಿದರು. ಬೆಂಗಳೂರಿನಿಂದ ಮೈಸೂರಿಗೆ ಸುಮಾರು 140 ಕಿಲೋಮೀಟರು. ಗುಣಿಸಿ ನೋಡಿ, ಮೂರು ರೂಪಾಯಿಯೂ ಆಗದು. ಅಷ್ಟಕ್ಕೇ ಅವರ ಸ್ವಂತ ಪಕ್ಷವಾದ ತೃಣಮೂಲ ಕಾಂಗ್ರೆಸ್ ಅವರನ್ನು ಕೆಲವೇ ದಿನಗಳಲ್ಲಿ ಮನೆಗೆ ಕಳುಹಿಸಿತು. ಏರಿಕೆಯ ಬಹುಭಾಗ ರದ್ದಾಯಿತು. ಸೆಪ್ಟೆಂಬರಿನಲ್ಲಿ ಡೀಸೆಲ್ ಲೀಟರಿಗೆ 5 ರೂಪಾಯಿ ಏರಿ, ಚಿಲ್ಲರೆ ವ್ಯಾಪಾರಕ್ಕೆ ವಿದೇಶಿ ಬಂಡವಾಳ ಬರಲು ಬಾಗಿಲು ತೆರೆದಾಗ ಆ ಪಕ್ಷ ಸರ್ಕಾರದಿಂದಲೇ ಹೊರನಡೆಯಿತು. ಸರ್ಕಾರ ಬಿದ್ದಿತೇ? ಇಲ್ಲ. 2013ರ ಜನವರಿಯಲ್ಲಿ ಅದೇ ಸರ್ಕಾರ ಅದೇ ದರ್ಜೆಯ ದರವನ್ನು ಕಿಲೋಮೀಟರಿಗೆ 3 ಪೈಸೆ ಏರಿಸಿತು. ಬಹಿರಂಗವಾಗಿ ನಡೆದ ಜಗಳ ಇದು. ಯಾರು ಏನು ಬಯಸಿದರೆಂದು ಇಡೀ ದೇಶಕ್ಕೆ ತಿಳಿಯಿತು. ಇಂಥ ಜಗಳ ನನ್ನನ್ನು ಹೆದರಿಸುವುದಿಲ್ಲ.

ನನ್ನನ್ನು ಹೆದರಿಸುವುದು ಜಗಳವೇ ಇಲ್ಲದೆ ಆಗುವ ರಾಜಿ. ಆ ಸರ್ಕಾರದ ಮೊದಲ ಅವಧಿಯಲ್ಲಿ ಇಂಧನದ ಬೆಲೆ ಏರಬಾರದೆಂದು ಎಡಪಕ್ಷಗಳ ಪಟ್ಟು. ಕೊರತೆ ಇಳಿಯಬೇಕೆಂದು ಹಣಕಾಸು ಸಚಿವಾಲಯದ ಪಟ್ಟು. ಎರಡೂ ಪಟ್ಟು ಗೆದ್ದವು! ತೈಲ ಕಂಪನಿಗಳ ನಷ್ಟಕ್ಕೆ ನಗದಿನ ಬದಲು ಬಾಂಡು ಬರೆದುಕೊಡಲಾಯಿತು. ಆ ಮೊತ್ತ ಆಯಾ ವರ್ಷದ ಕೊರತೆಯ ಲೆಕ್ಕಕ್ಕೆ ಸೇರಲಿಲ್ಲ. 2007-08ರಲ್ಲಿ ಕೊರತೆ ಜಿಡಿಪಿಯ ಶೇ. 2.5ರಷ್ಟೇ ಎಂದು ಎಲ್ಲರೂ ಬೆನ್ನು ತಟ್ಟಿಕೊಂಡರು. ಬಾಂಡುಗಳ ಮೊತ್ತವಾದರೋ ಬೆಳೆಯುತ್ತ ಒಂದು ಲಕ್ಷ ಕೋಟಿ ರೂಪಾಯಿಯನ್ನು ದಾಟಿತು. ತೀರುವಳಿಯ ಅವಧಿ 2025-26ರವರೆಗೆ ಚಾಚಿತು.

ಇದು ಮೈತ್ರಿಯದೇ ರೋಗವೆನ್ನಬೇಡಿ. 2014ರ ನಂತರ ಸ್ವಂತ ಬಹುಮತವಿದ್ದ ಸರ್ಕಾರವೂ ಆಹಾರ ಸಬ್ಸಿಡಿಯ ದೊಡ್ಡ ಭಾಗವನ್ನು ಆಹಾರ ನಿಗಮದ ಹೆಸರಿನಲ್ಲಿ, ಸಣ್ಣ ಉಳಿತಾಯ ನಿಧಿಯ ಸಾಲವಾಗಿ, ಬಜೆಟ್ಟಿನ ಹೊರಗೆ ಇರಿಸಿತ್ತು. 2021ರ ಬಜೆಟ್ಟಿನಲ್ಲಷ್ಟೇ ಅದನ್ನು ಲೆಕ್ಕದೊಳಗೆ ತರಲಾಯಿತು.

ಬಂಧುಗಳಿಗೆ ನಮ್ಮ ಹಳೆಯ ಮನೆ ನೆನಪಿರಬಹುದು. ತಂದೆಯವರೂ ಚಿಕ್ಕಪ್ಪನವರೂ ಸೇರಿ ನಡೆಸುತ್ತಿದ್ದ ಅವಿಭಕ್ತ ಕುಟುಂಬ. ಇಬ್ಬರೂ ಸಾಧುಗಳು, "ನಿನ್ನ ಖರ್ಚು ಹೆಚ್ಚಾಯಿತು" ಎಂದು ಒಬ್ಬರಿಗೊಬ್ಬರು ಹೇಳಿದವರಲ್ಲ. ತಂದೆಯವರ ಲೆಕ್ಕದ ಪುಸ್ತಕ ಮುತ್ತು ಪೋಣಿಸಿದಂತಿರುತ್ತಿತ್ತು, ತಿಂಗಳ ಕೊನೆಗೆ ಸರಿಹೊಂದುತ್ತಿತ್ತು. ಸರಿಹೊಂದದ್ದೆಲ್ಲ ಪೇಟೆಯ ಅಂಗಡಿಯ ಉದ್ರಿ ಪುಸ್ತಕದಲ್ಲಿತ್ತು. ಒಂದು ದೀಪಾವಳಿಗೆ ಅಂಗಡಿಯವರು ಆ ಪುಸ್ತಕ ಹಿಡಿದು ಜಗಲಿಗೆ ಬಂದು ಕುಳಿತರು. ಆ ವರ್ಷ ನನ್ನ ಅಕ್ಕ ಹೈಸ್ಕೂಲು ಬಿಟ್ಟಳು. ಅವಳು ಯಾವ ಖರ್ಚನ್ನೂ ಮಾಡಿರಲಿಲ್ಲ; ಲೆಕ್ಕ ಬರೆಯುವಾಗ ಅವಳನ್ನು ಕೇಳಿದವರೂ ಇರಲಿಲ್ಲ. ಅಣ್ಣತಮ್ಮಂದಿರು ಒಂದು ಸಂಜೆ ದನಿ ಎತ್ತರಿಸಿ ಜಗಳವಾಡಿದ್ದರೆ ಅವಳು ಓದುತ್ತಿದ್ದಳೆಂದು ನನಗೆ ಇಂದಿಗೂ ಅನಿಸುತ್ತದೆ.

ಮನೆಯೇ ರಾಜ್ಯವಲ್ಲ, ಬಲ್ಲೆ. ಸರ್ಕಾರ ಸಾಲ ಮಾಡಬಾರದೆಂದೂ ನಾನು ಹೇಳುವುದಿಲ್ಲ. ಸಾಲದ ಹಣದಲ್ಲಿ ಕೆರೆ, ಶಾಲೆ, ರೈಲುಹಾದಿ ಎದ್ದರೆ ಮುಂದಿನವರು ಹರಸಿಯಾರು. ನನ್ನ ತಕರಾರು ಬಚ್ಚಿಟ್ಟ ಲೆಕ್ಕದ ಬಗೆಗೆ. ಮೈತ್ರಿ ಕಟ್ಟುವ ಪಕ್ಷಗಳು ಖಾತೆಗಳನ್ನು ಹಂಚಿಕೊಳ್ಳುವ ಮೊದಲು, ಕೊರತೆಯ ಹೊರೆಯನ್ನು ಯಾರು ಹೊರಬೇಕೆಂದು ಬರೆದು ಸದನದ ಮುಂದಿಡಲಿ. ನಿಗಮಗಳ ಹೆಸರಿನ ಸಾಲವನ್ನೂ ಬಾಂಡುಗಳನ್ನೂ ಅದೇ ಪುಟದಲ್ಲಿ ಕೂಡಿಸಿ ತೋರಿಸಲಿ. ಅದನ್ನು ಮಾಡದೆ 'ಮೈತ್ರಿಧರ್ಮ'ವೆಂದು ಕೈಚೆಲ್ಲುವುದು ಧರ್ಮದ ಮಾತಲ್ಲ, ನೆಪ.

ಬ್ಯಾಂಕಿನ ಅಧಿಕಾರಿಯಾದ ನನ್ನ ಶಿಷ್ಯನಿಗೆ ಇಷ್ಟೇ ಹೇಳುವೆ: ಸಾಲ ಕೇಳಲು ಬಂದವರು ಒಂದೇ ಪುಸ್ತಕ ತೋರಿಸಿದರೆ ನೀನು ನಂಬುವೆಯಾ? ಕೊರತೆ ಇಳಿಯಿತೆಂದು ಯಾವ ಸರ್ಕಾರ ಹೇಳಿದರೂ, ಎರಡನೆಯ ಪುಸ್ತಕವನ್ನು ಕೇಳಪ್ಪ.