ಅವಳ ಹೆಸರು ‘ಪ್ರಿಟಿ ಲೇಡಿ’ ಅಲ್ಲ

1/6
ಈ ಗೊಂಬೆ ನೋಡಿ. ಅಂಗೈಲಿ ಹಿಡಿಯೋಷ್ಟು ಮಣ್ಣಿನ ಹೆಣ್ಣು. ಮೆಕ್ಸಿಕೊದ ತ್ಲಾತಿಲ್ಕೊದಲ್ಲಿ ಸಿಕ್ಕ ಇಂಥ ಗೊಂಬೆಗಳಿಗೆ ಸುಮಾರು 3000 ವರ್ಷ ವಯಸ್ಸು. ಇವಕ್ಕೆ ಅಂಟಿರೋ ಹೆಸರು ‘ಪ್ರಿಟಿ ಲೇಡಿ’. ಅಷ್ಟು ವರ್ಷ ಮಣ್ಣೊಳಗಿದ್ದು ಎದ್ದು ಬಂದವಳಿಗೂ ಮೊದಲು ಮಾರ್ಕ್ಸ್ ಕೊಟ್ಟಿದ್ದು ಲುಕ್ಸಿಗೆ!

2/6
ಮಾಡಿದವರು ಇಟ್ಟ ಹೆಸರಲ್ಲ ಇದು. ಅವರು ಬರಹ ಬಿಟ್ಟುಹೋಗಿಲ್ಲ. ಇಟ್ಟಿಗೆ ಕೆಲಸದವರು ಮಣ್ಣು ಅಗೆಯುವಾಗ ಗೊಂಬೆಗಳು ಸಿಕ್ಕವು, ಸಂಗ್ರಾಹಕರು ಕೊಂಡರು. ಕಲಾವಿದ ಮಿಗೆಲ್ ಕೊವಾರೂಬಿಯಾಸ್ 1942ರಲ್ಲಿ ಅಲ್ಲಿ ಉತ್ಖನನಕ್ಕೆ ಇಳಿಯೋ ಹೊತ್ತಿಗೆ ಎಷ್ಟೋ ಗೊಂಬೆಗಳು ಕೈ ದಾಟಿದ್ದವು. ಯಾರ ಸಮಾಧಿ, ಯಾರ ಮನೆ? ದಾಖಲೆ ಇಲ್ಲ. ಬಿಕಾಂ ಭಾಷೆಲಿ ಹೇಳೋದಾದ್ರೆ ವೋಚರ್ ಇಲ್ಲದ ಎಂಟ್ರಿ. ಅಂಥ ಕಡೆ ಯಾರು ಏನು ಬೇಕಾದ್ರೂ ಬರೀಬಹುದು. ‘ಪ್ರಿಟಿ’ ಅಂತ ಬರೆದ್ರು.

3/6
ಸ್ವಲ್ಪ ಹತ್ತಿರದಿಂದ ನೋಡಿ. ಒಬ್ಬಳು ಮಗು ಎತ್ತಿಕೊಂಡಿದ್ದಾಳೆ. ಒಬ್ಬಳು ನಾಯಿ ಹಿಡಿದಿದ್ದಾಳೆ. ಇನ್ನೊಬ್ಬಳಿಗೆ ಎರಡು ಮುಖ: ಎರಡು ಮೂಗು, ಎರಡು ಬಾಯಿ, ನಡುವೆ ಹಂಚಿಕೊಂಡ ಒಂದೇ ಕಣ್ಣು. ಇವಳನ್ನ ‘ಚೆಂದುಳ್ಳಿ’ ಅಂದು ಮುಂದೆ ಹೋದ್ರೆ ನಾವು ನೋಡಿದ್ದೇನು?

4/6
‘ಹಾಗಾದ್ರೆ ಫಲವಂತಿಕೆಯ ದೇವತೆ ಅನ್ನು’ ಅಂತಾರೆ ಕೆಲವರು. ಅದೂ ಅಷ್ಟೇ ಸೋಮಾರಿತನ. ಈಕ್ವಡಾರ್ ಕರಾವಳಿಯ ವಾಲ್ದೀವಿಯಾ ಗೊಂಬೆಗಳು ಇನ್ನೂ ಹಳೇವು. ಅವುಗಳಲ್ಲಿ ತುಂಬಾ ಕೆಲಸ ಆಗಿರೋದು ತಲೆಗೂದಲ ಮೇಲೆ. ಎಷ್ಟೋ ಗೊಂಬೆಗಳು ಮುರಿದು ಮನೆಕಸದ ಜೊತೆ ಸಿಕ್ಕಿವೆ. ಯಾವುದೋ ಆಚರಣೆ ಮುಗಿಸಿ ಎಸೆದಿರಬಹುದು, ಇರಲಿ. ಆದ್ರೆ ಆಚರಣೆಯಲ್ಲಿದ್ದ ಹೆಣ್ಣೆಲ್ಲ ದೇವತೆ ಆಗಬೇಕಾ? ಹೆಣ್ಣು ಅಂದ್ರೆ ಒಂದೋ ಸುಂದರಿ, ಇಲ್ಲಾ ಹೆರೋ ಶಕ್ತಿ. ಮೂರನೇ ಕಾಲಮ್ಮೇ ಇಲ್ವಾ?

5/6
‘ಹೆಸರಲ್ಲೇನಿದೆ ಬಿಡು’ ಅನ್ನೋರಿಗೆ: ಇದೆ. ಹೆಸರು ನೋಡಿ ನಾವು ಹುಡುಕ್ತೀವಿ. ‘ಪ್ರಿಟಿ’ ಅಂದ್ರೆ ಸೊಂಟ ಕಾಣುತ್ತೆ, ಎರಡು ಮುಖ ಕಾಣಲ್ಲ. ಮಾರುವವನಿಗೂ ಅದೇ ಅನುಕೂಲ. ‘ಸುಂದರಿ’ ಅಂದ್ರೆ ಗಿರಾಕಿ ನಿಲ್ತಾನೆ, ‘ಯಾರದೋ ಸಮಾಧಿಯಿಂದ ಕಿತ್ತದ್ದು’ ಅಂದ್ರೆ ಮುಜುಗರ ಪಡ್ತಾನೆ.

6/6
ಗೊತ್ತಿರೋದನ್ನ ಬರೆದ್ರೆ ಸಾಕು: ‘ಮಣ್ಣಿನ ಹೆಣ್ಣು, ತ್ಲಾತಿಲ್ಕೊ, ಎರಡು ಮುಖ, ಎಲ್ಲಿಂದ ತೆಗೆದದ್ದು ದಾಖಲಾಗಿಲ್ಲ.’ ಇದರಲ್ಲಿ ಅವಳಿಗೂ ಮರ್ಯಾದೆ, ಓದುವವರಿಗೂ ಮರ್ಯಾದೆ. ಕಮೆಂಟಲ್ಲಿ ‘ಸೋ ಕ್ಯೂಟ್’ ಹಾಕೋ ಮುಂಚೆ ಒಂದ್ಸಲ ಅವಳ ಆ ನಡುವಿನ ಕಣ್ಣು ನೋಡಿ.

#ಮಣ್ಣಿನಹೆಣ್ಣು #ತ್ಲಾತಿಲ್ಕೊ